ಮೊದಲು ದಾರಿ, ಆಮೇಲೆ ಗಾಡಿ: ವಿದ್ಯುತ್ ಬೈಸಿಕಲ್ಲಿನ ಇತಿಹಾಸದಿಂದ ಒಂದು ಪಾಠ

ಜರ್ಮನಿಯ ನ್ಯೂರೆಂಬರ್ಗ್ ನಗರದ ಸಮೀಪದ ಆಲ್ಟ್‌ಡಾರ್ಫ್ ಎಂಬ ಊರಿನಲ್ಲಿ, ಹದಿನೇಳನೆಯ ಶತಮಾನದಲ್ಲಿ, ಸ್ಟೀಫನ್ ಫಾರ್ಫ್ಲರ್ ಎಂಬ ಗಡಿಯಾರದ ಕುಶಲಕರ್ಮಿಯೊಬ್ಬನಿದ್ದನು. ಅವನ ಕಾಲುಗಳಿಗೆ ನಡೆಯುವ ಶಕ್ತಿ ಇರಲಿಲ್ಲ. ಕೈಗಳಿಗೆ ಮಾತ್ರ ಗಡಿಯಾರದ ಹಲ್ಲುಚಕ್ರಗಳ ಮರ್ಮವೆಲ್ಲ ಗೊತ್ತಿತ್ತು. 1655ರಲ್ಲಿ, ತನ್ನ ಇಪ್ಪತ್ತೆರಡರ ಪ್ರಾಯದಲ್ಲಿ, ಅವನು ತನಗಾಗಿ ಮೂರು ಚಕ್ರದ ಗಾಡಿಯೊಂದನ್ನು ಕಟ್ಟಿಕೊಂಡನು. ಕುಳಿತಲ್ಲಿಂದಲೇ ಕೈಹಿಡಿಗಳನ್ನು ತಿರುಗಿಸಿದರೆ ಹಲ್ಲುಚಕ್ರಗಳ ಮೂಲಕ ಮುಂದಿನ ಚಕ್ರ ಉರುಳುತ್ತಿತ್ತು. ಬೈಸಿಕಲ್ ಎಂಬ ಶಬ್ದವೇ ಹುಟ್ಟದಿದ್ದ ಕಾಲವದು. ಆ ಗಾಡಿ ಮಾರುವುದಕ್ಕಾಗಿ ಮಾಡಿದ್ದಲ್ಲ, ಪ್ರದರ್ಶನಕ್ಕಾಗಿ ಮಾಡಿದ್ದೂ ಅಲ್ಲ. ಒಬ್ಬ ಮನುಷ್ಯನ ಒಂದು ಅಗತ್ಯಕ್ಕೆ, ಅವನ ದೇಹದ ಅಳತೆಗೆ, ಅವನಲ್ಲಿದ್ದ ವಿದ್ಯೆಯಿಂದ ಮಾಡಿದ್ದು.

ಓದುಗ ಮಿತ್ರರೇ, ವಿದ್ಯುತ್ ಬೈಸಿಕಲ್ಲಿನ ಬಗ್ಗೆ ಬರೆಯಹೊರಟವನು ಗಡಿಯಾರದವನ ಕಥೆಯಿಂದ ತೊಡಗಿದ್ದೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ಈಗ ಮೋಟಾರು, ಬ್ಯಾಟರಿ, ತಂತಿಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ತರಿಸಿಕೊಂಡು ಮನೆಯ ಹಳೆಯ ಸೈಕಲ್ಲಿಗೆ ಜೋಡಿಸಿಕೊಳ್ಳುವುದು ಸಾಧ್ಯವಾಗಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿದವನೆಂಬ ಕಾರಣಕ್ಕೆ ಹಳೆಯ ವಿದ್ಯಾರ್ಥಿಗಳೂ ಮಿತ್ರರೂ ನನ್ನನ್ನು ಕೇಳುವುದುಂಟು: "ಎಷ್ಟು ವ್ಯಾಟಿನ ಮೋಟಾರು ತರಿಸಬೇಕು? ಎಷ್ಟು ದೊಡ್ಡ ಬ್ಯಾಟರಿ ಹಾಕಬೇಕು?" ಈ ಪ್ರಶ್ನೆಗಳು ತಪ್ಪಲ್ಲ. ಆದರೆ ಅವು ಮೂರನೆಯ ನಾಲ್ಕನೆಯ ಪ್ರಶ್ನೆಗಳು. ಮೊದಲ ಪ್ರಶ್ನೆ ಫಾರ್ಫ್ಲರನದು: ಯಾರು ಕುಳಿತುಕೊಳ್ಳುವವರು, ಎಲ್ಲಿಗೆ ಹೋಗುವವರು? ಈ ಪ್ರಶ್ನೆಯನ್ನು ಮೊದಲು ಕೇಳಿದವರ ಗಾಡಿ ಓಡಿತು, ಕೊನೆಗೆ ಕೇಳಿದವರ ಗಾಡಿ ಮೂಲೆ ಸೇರಿತು ಎಂಬುದನ್ನು ವಿದ್ಯುತ್ ಬೈಸಿಕಲ್ಲಿನ ನೂರನಲವತ್ತು ವರ್ಷಗಳ ಇತಿಹಾಸ ಮತ್ತೆ ಮತ್ತೆ ಹೇಳುತ್ತದೆ.

ಮೋಟಾರಿನ ಕಥೆ ಒಂದು ಸ್ವಾರಸ್ಯದಿಂದ ಆರಂಭವಾಗುತ್ತದೆ. 1873ರ ವಿಯೆನ್ನಾ ವಸ್ತುಪ್ರದರ್ಶನದಲ್ಲಿ ಜೆನೋಬ್ ಗ್ರಾಂ ಎಂಬ ಬೆಲ್ಜಿಯಂ ಮೂಲದ ತಂತ್ರಜ್ಞನ ಡೈನಮೊ ಯಂತ್ರಗಳನ್ನು ಇರಿಸಿದ್ದರು. ತಿರುಗಿಸಿದರೆ ವಿದ್ಯುತ್ತು ಕೊಡುವ ಯಂತ್ರಗಳವು. ಒಂದು ಯಂತ್ರದ ವಿದ್ಯುತ್ತನ್ನು ಇನ್ನೊಂದಕ್ಕೆ ಕೊಟ್ಟಾಗ ಆ ಎರಡನೆಯದು ತಾನಾಗಿಯೇ ತಿರುಗತೊಡಗಿತು. ಡೈನಮೊ ಮತ್ತು ಮೋಟಾರು ಒಂದೇ ನಾಣ್ಯದ ಎರಡು ಮುಖಗಳೆಂಬುದು ಎಲ್ಲರ ಕಣ್ಣಿಗೆ ಬಿದ್ದದ್ದು ಹೀಗೆ. ನನ್ನ ವಯಸ್ಸಿನವರಿಗೆ ಇದನ್ನು ವಿವರಿಸುವುದು ಸುಲಭ. ನಮ್ಮ ಸೈಕಲ್ಲಿನ ಟೈರಿಗೆ ಒತ್ತಿಕೊಂಡು ಗುಂಯ್‌ಗುಡುತ್ತ ತಿರುಗುತ್ತಿದ್ದ ಆ ಪುಟ್ಟ ಡೈನಮೊ ನೆನಪಿದೆಯಲ್ಲವೇ? ಚಕ್ರ ಅದನ್ನು ತಿರುಗಿಸಿದರೆ ದೀಪ ಹೊತ್ತುತ್ತಿತ್ತು. ಅಂಥದೇ ದೊಡ್ಡ ಯಂತ್ರವೊಂದಕ್ಕೆ ನಾವೇ ವಿದ್ಯುತ್ತು ಕೊಟ್ಟು ಚಕ್ರವನ್ನು ಅದರಿಂದ ತಿರುಗಿಸಿದರೆ ಅದೇ ವಿದ್ಯುತ್ ಬೈಸಿಕಲ್!

ವಿದ್ಯುತ್ತನ್ನು ಹೊತ್ತೊಯ್ಯುವ ಬುತ್ತಿಯನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿಯೇ ಕಂಡುಹಿಡಿದಿದ್ದನು. ಮತ್ತೆ ಮತ್ತೆ ಚಾರ್ಜು ಮಾಡಬಲ್ಲ ಸೀಸ-ಆಮ್ಲದ ಬ್ಯಾಟರಿ ಅದು. ಇವೆರಡನ್ನೂ ಗಾಡಿಯ ಮೇಲೆ ಕೂಡಿಸಿದವನು ಪ್ಯಾರಿಸ್ಸಿನ ಗುಸ್ತಾವ್ ಟ್ರೂವೆ. 1881ರ ಏಪ್ರಿಲ್ ತಿಂಗಳಿನಲ್ಲಿ ಅವನು ಇಂಗ್ಲೆಂಡಿನಲ್ಲಿ ತಯಾರಾದ ಒಂದು ಪೆಡಲ್ ತ್ರಿಚಕ್ರಿಗೆ ಚಿಕ್ಕ ಮೋಟಾರುಗಳನ್ನೂ ಬ್ಯಾಟರಿಯನ್ನೂ ಜೋಡಿಸಿ ಪ್ಯಾರಿಸ್ಸಿನ ವಾಲ್ವಾ ಬೀದಿಯಲ್ಲಿ ಓಡಿಸಿ ನೋಡಿದನು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಟ್ರೂವೆ ಹೊಸ ಗಾಡಿಯನ್ನೇನೂ ಕಟ್ಟಲಿಲ್ಲ. ಬೇರೆಯವರು ಚೆನ್ನಾಗಿ ಕಟ್ಟಿದ್ದ ಗಾಡಿಯನ್ನು ತಂದು ತನ್ನ ಅಗತ್ಯಕ್ಕೆ ತಕ್ಕಂತೆ ಅದಕ್ಕೆ ಯಂತ್ರ ಕೂಡಿಸಿದನು. ಇಂದು ಮನೆಯಂಗಳದಲ್ಲಿ ಸೈಕಲ್ಲಿಗೆ ಮೋಟಾರು ಜೋಡಿಸುವ ಹುಡುಗನು ಮಾಡುವುದೂ ಇದನ್ನೇ. ಅದೇ ವರ್ಷ ಟ್ರೂವೆ ಬಿಚ್ಚಿ ಜೋಡಿಸಬಹುದಾದ ಮೋಟಾರನ್ನು ದೋಣಿಯೊಂದಕ್ಕೂ ಕೂಡಿಸಿ ಸೇನ್ ನದಿಯಲ್ಲಿ ವಿಹರಿಸಿದನು.

ಮರುವರ್ಷ, 1882ರಲ್ಲಿ, ಲಂಡನ್ನಿನಲ್ಲಿ ವಿಲಿಯಂ ಏರ್ಟನ್ ಮತ್ತು ಜಾನ್ ಪೆರ್ರಿ ಎಂಬ ಇಬ್ಬರು ಪ್ರಾಧ್ಯಾಪಕರು ಇನ್ನೊಂದು ವಿದ್ಯುತ್ ತ್ರಿಚಕ್ರಿಯನ್ನು ಸಿದ್ಧಪಡಿಸಿದರು. ಇವರಲ್ಲಿ ಏರ್ಟನ್ ತನ್ನ ಯೌವನದಲ್ಲಿ ಭಾರತದ ತಂತಿ ಇಲಾಖೆಯಲ್ಲಿ ಕೆಲಸ ಮಾಡಿದವನು. ಅನಂತರ ಇಬ್ಬರೂ ಜಪಾನಿನ ಟೋಕಿಯೋ ನಗರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಿದವರು. ತಮ್ಮ ಗಾಡಿಗೆ ಅವರು ವಿದ್ಯುದ್ದೀಪಗಳನ್ನೂ ಅಳವಡಿಸಿದ್ದರು. ಬ್ಯಾಟರಿಯ ಕೋಶಗಳನ್ನು ಒಂದೊಂದಾಗಿ ಸೇರಿಸುತ್ತ ವೇಗವನ್ನು ಹೆಚ್ಚಿಸುವ ವ್ಯವಸ್ಥೆಯಿತ್ತು. ಆದರೆ ಆಗಿನ ಇಂಗ್ಲೆಂಡಿನಲ್ಲಿ 1865ರ ಕಾನೂನೊಂದು ಜಾರಿಯಲ್ಲಿತ್ತು. ಯಂತ್ರದಿಂದ ಓಡುವ ಗಾಡಿಗಳು ಊರೊಳಗೆ ಗಂಟೆಗೆ 2 ಮೈಲಿ, ಊರ ಹೊರಗೆ 4 ಮೈಲಿಗಿಂತ ವೇಗವಾಗಿ ಹೋಗಕೂಡದು ಎಂಬುದು ಅದರ ಕಟ್ಟಳೆ! ಉಗಿಯಂತ್ರಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಆ ನಿಯಮ ಸಡಿಲಗೊಂಡದ್ದು 1896ರಲ್ಲಿ. ಗಾಡಿ ಎಷ್ಟೇ ಚೆನ್ನಾಗಿರಲಿ, ಅದು ಓಡುವ ಬೀದಿಯ ಕಾನೂನೂ ಯೋಜನೆಯ ಒಂದು ಭಾಗವೇ ಎಂಬ ಪಾಠ ಹೀಗೆ ಆರಂಭದಲ್ಲಿಯೇ ದೊರೆಯಿತು.

ಆಮೇಲಿನ ಮುಖ್ಯ ಅಧ್ಯಾಯ ಅಮೆರಿಕದ್ದು. ಅಲ್ಲಿ 1895ರಿಂದ 1899ರವರೆಗಿನ ಕೇವಲ ಐದು ವರ್ಷಗಳಲ್ಲಿ ವಿದ್ಯುತ್ ಬೈಸಿಕಲ್ಲಿಗೆ ಸಂಬಂಧಿಸಿದ ಪೇಟೆಂಟುಗಳು ಒಂದರ ಹಿಂದೊಂದರಂತೆ ಬಂದವು. ಒಹಾಯೊ ರಾಜ್ಯದ ಕ್ಯಾಂಟನ್ ಊರಿನ ಆಗ್ಡನ್ ಬೋಲ್ಟನ್ ಎಂಬವನು 1895ರ ಡಿಸೆಂಬರ್ 31ರಂದು ಪಡೆದ ಪೇಟೆಂಟಿನಲ್ಲಿ ಮೋಟಾರು ಹಿಂದಿನ ಚಕ್ರದ ಗುಂಬದಲ್ಲಿ, ಅಂದರೆ ಹಬ್ಬಿನಲ್ಲಿಯೇ ಕುಳಿತಿತ್ತು. ಬ್ಯಾಟರಿ ಚೌಕಟ್ಟಿನ ತ್ರಿಕೋನದಲ್ಲಿ ತೂಗಿತ್ತು. ಹೋಸಿಯಾ ಲಿಬ್ಬಿ ಎಂಬವನ 1897ರ ಪೇಟೆಂಟಿನಲ್ಲಿ ಮೋಟಾರು ಪೆಡಲುಗಳ ಅಕ್ಷಕ್ಕೆ ಬಂದಿತು. ಜಾನ್ ಶ್ನೆಫ್ ಎಂಬವನ 1899ರ ಪೇಟೆಂಟಿನಲ್ಲಿ ಮೋಟಾರಿಗೆ ಸೇರಿದ ಉರುಳೆಯೊಂದು ಹಿಂದಿನ ಟೈರಿಗೆ ಉಜ್ಜಿಕೊಂಡು ಚಕ್ರವನ್ನು ತಿರುಗಿಸುತ್ತಿತ್ತು. ನಮ್ಮ ಸೈಕಲ್ ಡೈನಮೊ ತಲೆಕೆಳಗಾಗಿ ನಿಂತಂತೆ!

ಇಂದು ವಿದ್ಯುತ್ ಸೈಕಲ್ ಕಟ್ಟಹೊರಟವನ ಮುಂದಿರುವ ಆಯ್ಕೆಗಳೂ ಇವೇ ಮೂರು: ಹಬ್ಬಿನಲ್ಲಿ ಮೋಟಾರು, ಪೆಡಲಿನ ಬಳಿ ಮೋಟಾರು, ಟೈರಿಗೆ ಉಜ್ಜುವ ಉರುಳೆ. ನೂರಿಪ್ಪತ್ತೈದು ವರ್ಷಗಳ ಹಿಂದೆಯೇ ಮೂರೂ ಕಾಗದದ ಮೇಲೆ ಸಿದ್ಧವಾಗಿದ್ದವು. ಹಾಗಿದ್ದರೂ ಅವು ಜನಸಾಮಾನ್ಯರ ಬೀದಿಗೆ ಏಕೆ ಇಳಿಯಲಿಲ್ಲ?

ಒಂದು ಕಾರಣ ತೂಕ. ಇಂದಿನ ಸುಧಾರಿತ ಸೀಸದ ಬ್ಯಾಟರಿಯೂ ಒಂದು ಕಿಲೋಗ್ರಾಂ ತೂಕಕ್ಕೆ 30ರಿಂದ 40 ವ್ಯಾಟ್-ಗಂಟೆಯಷ್ಟೇ ಶಕ್ತಿ ಹಿಡಿದಿಟ್ಟುಕೊಳ್ಳುತ್ತದೆ. ಆ ಕಾಲದ್ದು ಇನ್ನೂ ಕಡಿಮೆ. ಎರಡನೆಯದು, ಮನೆಯಲ್ಲಿ ಚಾರ್ಜು ಮಾಡಲು ವಿದ್ಯುತ್ತೇ ಇಲ್ಲದ ಸ್ಥಿತಿ. ನಮ್ಮ ನಾಡಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಶ್ನೆಫ್‌ನ ಪೇಟೆಂಟು ಬಂದ ಮೂರು ವರ್ಷಗಳ ಮೇಲೆ, 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿದ್ದು 1905ರಲ್ಲಿ. ಹಳ್ಳಿಗಳ ಮಾತು ಹಾಗಿರಲಿ! ಮೂರನೆಯ ಕಾರಣವೆಂದರೆ ಆಗ ಮನುಷ್ಯನ ಅಗತ್ಯ ಇನ್ನೊಂದೆಡೆ ತಿರುಗಿತ್ತು. ದೂರ ಹೋಗಬೇಕು, ವೇಗವಾಗಿ ಹೋಗಬೇಕು ಎಂಬವನಿಗೆ ಪೆಟ್ರೋಲು ಹೆಚ್ಚು ಒಗ್ಗಿತು. ಹೀಗಾಗಿ ವಿದ್ಯುತ್ ಬೈಸಿಕಲ್ ಸುಮಾರು ತೊಂಬತ್ತು ವರ್ಷ ಹಿನ್ನೆಲೆಗೆ ಸರಿಯಿತು.

ಮತ್ತೆ ಅದು ಸುದ್ದಿಯಾದದ್ದು ಒಂದು ಸೋಲಿನಿಂದ. ಬ್ರಿಟನ್ನಿನಲ್ಲಿ ಅಗ್ಗದ ಕಂಪ್ಯೂಟರುಗಳನ್ನು ಮನೆಮನೆಗೆ ತಲುಪಿಸಿ ಹೆಸರಾಗಿದ್ದ ಕ್ಲೈವ್ ಸಿಂಕ್ಲೇರ್ 1985ರ ಜನವರಿಯಲ್ಲಿ ಸಿ-5 ಎಂಬ ಮೂರು ಚಕ್ರದ ವಿದ್ಯುತ್ ವಾಹನವನ್ನು ಬಿಡುಗಡೆ ಮಾಡಿದನು. 250 ವ್ಯಾಟಿನ ಮೋಟಾರು, ಸೀಸದ ಬ್ಯಾಟರಿ, ಜೊತೆಗೆ ಪೆಡಲು. ಬೆಲೆ 399 ಪೌಂಡು. ಲೈಸೆನ್ಸು ಬೇಡ, ಹದಿನಾಲ್ಕು ವರ್ಷದವರೂ ಓಡಿಸಬಹುದು. ಕೇಳುವುದಕ್ಕೆ ಎಷ್ಟು ಚೆನ್ನ! ಆದರೆ ಸವಾರನು ನೆಲಕ್ಕೆ ಹತ್ತಿರವಾಗಿ ಒರಗಿ ಕುಳಿತುಕೊಳ್ಳಬೇಕಿತ್ತು. ಲಾರಿಯವನ ಕಣ್ಣಿಗೆ ಅವನು ಕಾಣುವುದೇ ಕಷ್ಟ. ಮೇಲೆ ಸೂರಿಲ್ಲ, ಬಿಡುಗಡೆಯಾದದ್ದು ಹಿಮ ಸುರಿಯುವ ಕಾಲದಲ್ಲಿ. ಏರುದಾರಿಯಲ್ಲಿ ಮೋಟಾರು ಬಿಸಿಯೇರುತ್ತಿತ್ತು. ಸೀಟಿಗೂ ಪೆಡಲಿಗೂ ಇರುವ ಅಂತರವನ್ನು ಸವಾರನ ಕಾಲಿನ ಉದ್ದಕ್ಕೆ ಹೊಂದಿಸಿಕೊಳ್ಳುವ ವ್ಯವಸ್ಥೆಯೂ ಇರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ತಯಾರಿಕೆ ನಿಂತಿತು. ಸಿಂಕ್ಲೇರನ ಬುದ್ಧಿಶಕ್ತಿಯಲ್ಲಿ ಕೊರತೆಯಿರಲಿಲ್ಲ. ಅಲ್ಲಿ ಯಂತ್ರ ಮೊದಲು ಬಂದಿತು, ಮನುಷ್ಯನು ಅದಕ್ಕೆ ತಕ್ಕಂತೆ ಮೈ ಮಡಿಸಿಕೊಳ್ಳಬೇಕಾಯಿತು.

ಎಂಟು ವರ್ಷಗಳ ಮೇಲೆ, 1993ರಲ್ಲಿ, ಜಪಾನಿನ ಯಮಹಾ ಸಂಸ್ಥೆ ಹೊರತಂದ ಪಾಸ್ ಎಂಬ ಬೈಸಿಕಲ್ಲನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಅದರಲ್ಲಿದ್ದುದೂ ಸೀಸದ ಬ್ಯಾಟರಿಯೇ. ನೋಟಕ್ಕೆ ಅದು ಸಾದಾ ಸೈಕಲ್. ಆದರೆ ಸವಾರನು ಪೆಡಲನ್ನು ಎಷ್ಟು ಒತ್ತುತ್ತಾನೆಂಬುದನ್ನು ಅಳೆಯುವ ಸಾಧನವೊಂದು ಅದರಲ್ಲಿತ್ತು. ಅವನು ಒತ್ತಿದಷ್ಟಕ್ಕೆ ಅನುಗುಣವಾಗಿ ಮೋಟಾರೂ ಕೈಗೂಡಿಸುತ್ತಿತ್ತು. ತುಳಿಯುವುದನ್ನು ಬಿಟ್ಟರೆ ಮೋಟಾರೂ ಸುಮ್ಮನಾಗುತ್ತಿತ್ತು. ಆದ್ದರಿಂದ ಕಾನೂನಿನ ದೃಷ್ಟಿಯಲ್ಲಿ ಅದು ಸೈಕಲ್ಲಾಗಿಯೇ ಉಳಿಯಿತು, ಲೈಸೆನ್ಸಿನ ಅಗತ್ಯ ಬೀಳಲಿಲ್ಲ. ಜಪಾನಿನ ಗುಡ್ಡದ ಬೀದಿಗಳಲ್ಲಿ ತರಕಾರಿ ತರುವ ವೃದ್ಧರು, ಮಕ್ಕಳನ್ನು ಶಿಶುವಿಹಾರಕ್ಕೆ ಬಿಡುವ ತಾಯಂದಿರು ಇಂಥ ಸೈಕಲ್ಲುಗಳನ್ನು ತಮ್ಮದಾಗಿಸಿಕೊಂಡರು. ಯಾವ ಮಟ್ಟಿಗೆಂದರೆ, ತಕ್ಕಂತೆ ತಯಾರಿಸಿದ ಸೈಕಲ್ಲಿನಲ್ಲಿ ಇಬ್ಬರು ಪುಟ್ಟ ಮಕ್ಕಳನ್ನು ಕೂರಿಸಿಕೊಂಡು ಹೋಗಲು 2009ರಲ್ಲಿ ಅಲ್ಲಿನ ಕಾನೂನೇ ದಾರಿ ಮಾಡಿಕೊಟ್ಟಿತು.

ಚೀನದ ಕಥೆಯೂ ಇದನ್ನೇ ಸಾರುತ್ತದೆ. ಅಲ್ಲಿನ ಅನೇಕ ನಗರಗಳು ತೊಂಬತ್ತರ ದಶಕದಿಂದ ಪೆಟ್ರೋಲು ಮೋಟಾರ್ ಸೈಕಲ್ಲುಗಳನ್ನು ನಿರ್ಬಂಧಿಸಿದವು. 2003ರಲ್ಲಿ ಸಾರ್ಸ್ ರೋಗ ಹರಡಿದಾಗ ಜನ ಬಸ್ಸು ಹತ್ತಲು ಹೆದರಿದರು. ಅಗ್ಗದ ಸೀಸದ ಬ್ಯಾಟರಿಯ ಸೈಕಲ್ಲುಗಳು ಆಗ ಮನೆಮನೆಗೆ ಬಂದವು. ಹತ್ತೇ ವರ್ಷಗಳಲ್ಲಿ ಅಲ್ಲಿನ ವಾರ್ಷಿಕ ತಯಾರಿಕೆ ಎರಡು ಕೋಟಿಯ ಮಟ್ಟ ಮುಟ್ಟಿತು. ನೆನಪಿಡಿ, ಬೋಲ್ಟನ್ನನ ಕಾಲದ ರಸಾಯನವೇ ಅದು! ಸಮತಟ್ಟಾದ ಊರಿನಲ್ಲಿ ದಿನಕ್ಕೆ ಹತ್ತು ಕಿಲೋಮೀಟರು ಹೋಗುವವನಿಗೆ ಅಷ್ಟೇ ಸಾಕಾಗಿತ್ತು.

ಈ ನಡುವೆ ವಿಜ್ಞಾನವೂ ಎರಡು ದೊಡ್ಡ ಉಪಕಾರಗಳನ್ನು ಮಾಡಿತ್ತು. ಎಂಬತ್ತರ ದಶಕದ ಮೊದಲ ಭಾಗದಲ್ಲಿ ಜಪಾನಿನ ಮಸಾಟೊ ಸಗಾವಾ ಮತ್ತು ಅಮೆರಿಕದ ಜಾನ್ ಕ್ರೋಟ್ ಬೇರೆ ಬೇರೆಯಾಗಿ ನಿಯೋಡಿಮಿಯಂ ಅಯಸ್ಕಾಂತವನ್ನು ರೂಪಿಸಿದರು. ಅದರಿಂದ ಮೋಟಾರು ಚಿಕ್ಕದಾಯಿತು. 1991ರಲ್ಲಿ ಸೋನಿ ಸಂಸ್ಥೆ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಅದರ ಹಿಂದಿನ ಸಂಶೋಧನೆಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಮೂವರಿಗೆ 2019ರ ರಸಾಯನಶಾಸ್ತ್ರ ನೊಬೆಲ್ ದೊರೆಯಿತು. ಸೀಸದಲ್ಲಿ ಹತ್ತು ಕಿಲೋ ತೂಗುತ್ತಿದ್ದ ಬ್ಯಾಟರಿ ಇಂದು ಎರಡೂವರೆ ಕಿಲೋ ಆಸುಪಾಸಿಗೆ ಇಳಿದಿದೆ. ಟ್ರೂವೆಯ ಕೆಲಸವನ್ನು ಸಾಮಾನ್ಯ ಮನುಷ್ಯನೂ ಮಾಡಬಹುದಾದದ್ದು ಇದರಿಂದಲೇ.

ಈ ಇತಿಹಾಸ ನನಗೆ ಕೇವಲ ಪುಸ್ತಕದ ವಿಷಯವಾಗಿ ಉಳಿಯದಿರಲು ಕಾರಣ ನಮ್ಮ ಡ್ರಾಯಿಂಗ್ ಮೇಷ್ಟ್ರು. ನನ್ನ ಜೊತೆಯಲ್ಲಿಯೇ ಸೇವೆಯಲ್ಲಿದ್ದು ನಿವೃತ್ತರಾದ ಅವರಿಗೆ ಈಗ ಅರವತ್ತೆಂಟು. ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಿಂದ ಆರು ಕಿಲೋಮೀಟರು ದೂರದ ಹಳ್ಳಿಯಲ್ಲಿ ವಾಸ. ಪೇಟೆಯ ಗ್ರಂಥಾಲಯಕ್ಕೆ ಪ್ರತಿದಿನ ಸೈಕಲ್ಲಿನಲ್ಲಿ ಹೋಗಿ, ಪತ್ರಿಕೆ ಓದಿ, ಮೂರು ನಾಲ್ಕು ಮಕ್ಕಳಿಗೆ ಚಿತ್ರ ಬಿಡಿಸುವುದನ್ನು ಹೇಳಿಕೊಟ್ಟು ಬರುವುದು ಅವರ ನೇಮ. ಮಂಡಿನೋವು ಹೆಚ್ಚಾಗಿ ಆ ನೇಮ ತಪ್ಪಿತು. ಎರಡು ತಿಂಗಳು ಜಗಲಿಯಲ್ಲಿ ಕುಳಿತವರು ಮಾತನ್ನೇ ಕಡಿಮೆ ಮಾಡಿಬಿಟ್ಟರು. ಸ್ಕೂಟರ್ ಕಲಿಯಲು ಅವರಿಗೆ ಮನಸ್ಸಿಲ್ಲ. ಮಗ ಬಿಟ್ಟುಬರುತ್ತೇನೆಂದರೆ, "ಅವನ ಸಮಯಕ್ಕೆ ನಾನು ಕಾಯುತ್ತ ಕೂರಬೇಕಲ್ಲ ಮೇಷ್ಟ್ರೇ" ಎಂದರು. ಮಂಡಿಗೆ ಭಾರ ಬೀಳಬಾರದು, ಆದರೆ ಆಡಿಸುವುದನ್ನು ಬಿಡಬಾರದು ಎಂದು ವೈದ್ಯರು ಹೇಳಿದ್ದರು.

ಮಗ ಉತ್ಸಾಹಿ. "ಸರ್, 500 ವ್ಯಾಟಿನ ಮೋಟಾರೇ ತರಿಸಿಬಿಡೋಣ, ದೊಡ್ಡ ಬ್ಯಾಟರಿ ಹಾಕೋಣ, ಅಪ್ಪನಿಗೆ ಆರಾಮಾಗುತ್ತೆ" ಎಂದ. ನಾನು, "ಇರಪ್ಪಾ, ಮೊದಲು ದಾರಿ ಅಳೆಯೋಣ" ಎಂದೆ. ಮೇಸ್ತ್ರಿಯೊಬ್ಬರಿಂದ ರಸಮಟ್ಟ ತಂದೆವು. ಒಂದು ಮೀಟರು ಉದ್ದದ ಹಲಗೆಯನ್ನು ರಸ್ತೆಯ ಮೇಲಿಟ್ಟು, ತಗ್ಗಿನ ತುದಿಯನ್ನು ಮಟ್ಟ ಬರುವವರೆಗೆ ಎತ್ತಿ, ಕೆಳಗಿನ ಸಂದನ್ನು ಅಳೆದರೆ ಆಯಿತು. ಐದು ಸೆಂಟಿಮೀಟರು ಬಂದರೆ ಏರು ನೂರಕ್ಕೆ ಐದು. ದಾರಿಯಲ್ಲಿ ಇದ್ದದ್ದು ಸುಮಾರು 700 ಮೀಟರು ಉದ್ದದ ಒಂದೇ ಏರು, ಸರಾಸರಿ ನೂರಕ್ಕೆ ಐದು. ಉಳಿದದ್ದೆಲ್ಲ ಹೆಚ್ಚುಕಡಿಮೆ ಸಮತಟ್ಟು.

ಮೇಷ್ಟ್ರು, ಸೈಕಲ್ಲು, ಚೀಲ, ಮೋಟಾರು ಎಲ್ಲ ಸೇರಿ 95 ಕಿಲೋ ಎಂದಿಟ್ಟುಕೊಂಡೆವು. ಆ ಏರನ್ನು ಗಂಟೆಗೆ 10 ಕಿಲೋಮೀಟರು ವೇಗದಲ್ಲಿ ಹತ್ತಲು ಬೇಕಾಗುವ ಶಕ್ತಿ ಸುಮಾರು 160 ವ್ಯಾಟ್. ಅದರಲ್ಲಿ 50 ವ್ಯಾಟನ್ನು ಮೇಷ್ಟ್ರ ಕಾಲು ಕೊಟ್ಟರೂ ಮೋಟಾರಿನ ಪಾಲಿಗೆ ಉಳಿಯುವುದು 110. ಸಮತಟ್ಟಿನಲ್ಲಿ ಗಂಟೆಗೆ 15 ಕಿಲೋಮೀಟರಿಗೆ ಒಟ್ಟು 60 ವ್ಯಾಟ್ ಸಾಕು. ಅದೇ 25 ಕಿಲೋಮೀಟರಿಗೆ ಹೋದರೆ ಸುಮಾರು 170 ವ್ಯಾಟ್ ಬೇಕು, ಅಂದರೆ ಹತ್ತಿರ ಹತ್ತಿರ ಮೂರು ಪಟ್ಟು. ವೇಗ ಹೆಚ್ಚಿದಂತೆ ಗಾಳಿಯ ತಡೆ ಅಷ್ಟು ಬೇಗ ಬೆಳೆಯುತ್ತದೆ. "ನನಗೆ ಹದಿನೈದೇ ಸಾಕು, ದಾರಿಯಲ್ಲಿ ನೋಡುವುದು ಬೇಕಾದಷ್ಟಿದೆ" ಎಂದರು ಮೇಷ್ಟ್ರು. ಹೀಗೆ 500 ವ್ಯಾಟಿನ ಮಾತು ಅಲ್ಲಿಗೇ ಬಿದ್ದುಹೋಯಿತು. ಕಾನೂನಿನ ದೃಷ್ಟಿಯಿಂದಲೂ ಅದೇ ಸರಿ. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ನೋಂದಣಿ ಮತ್ತು ಲೈಸೆನ್ಸಿನಿಂದ ವಿನಾಯಿತಿ ಬೇಕಾದರೆ ಮೋಟಾರಿನ ಸಾಮರ್ಥ್ಯ 250 ವ್ಯಾಟಿಗಿಂತಲೂ, ವೇಗ ಗಂಟೆಗೆ 25 ಕಿಲೋಮೀಟರಿಗಿಂತಲೂ ಕಡಿಮೆಯಿರಬೇಕು. ತೂಕ ಮತ್ತು ಮಾನ್ಯತೆಯ ಶರತ್ತುಗಳೂ ಇವೆ. ತರಿಸಿಕೊಳ್ಳುವ ಮೊದಲು ಇವನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇನ್ನು ಬ್ಯಾಟರಿ. ಹಿತವಾಗಿ ತುಳಿಯುತ್ತ ಹೋಗುವವನಿಗೆ ಕಿಲೋಮೀಟರಿಗೆ ಸುಮಾರು 10 ವ್ಯಾಟ್-ಗಂಟೆ ಹಿಡಿಯುವುದು ವಾಡಿಕೆ. ದಿನಕ್ಕೆ 12 ಕಿಲೋಮೀಟರಿಗೆ 120, ಏರಿನ ಹೆಚ್ಚುವರಿ ಸೇರಿ 140 ಎನ್ನೋಣ. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದು, ವರ್ಷ ಕಳೆದಂತೆ ಅದರ ಸತ್ವವೂ ಇಳಿಯುತ್ತದೆ. ಹೀಗಾಗಿ 36 ವೋಲ್ಟ್, 7.5 ಆಂಪಿಯರ್-ಗಂಟೆಯ ಬ್ಯಾಟರಿ, ಎಂದರೆ 270 ವ್ಯಾಟ್-ಗಂಟೆ, ಧಾರಾಳವಾಯಿತು. ಮಗ ಇದರ ಎರಡರಷ್ಟು ದೊಡ್ಡದನ್ನು ಬಯಸಿದ್ದ. ನಲವತ್ತು ಕಿಲೋಮೀಟರು ದೂರದ ದೇವಸ್ಥಾನಕ್ಕೂ ಅಪ್ಪ ಹೋಗಿಬರಬಹುದಲ್ಲ ಎಂಬುದು ಅವನ ವಾದ. "ಅಲ್ಲಿಗೆ ಸೈಕಲ್ಲಿನಲ್ಲಿ ಯಾರು ಹೋಗ್ತಾರೋ, ಬಸ್ಸಿದೆ" ಎಂದರು ತಂದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಬ್ಯಾಟರಿಯ ವಿಷಯದಲ್ಲಿ ತಿರುಗಿಸಿ ಹೇಳಬೇಕು: ಕಾಲು ಇದ್ದಷ್ಟೇ ಹಾಸಿಗೆ ಕೊಳ್ಳಿರಿ. ಇಡೀ ಗಾಡಿಯಲ್ಲಿ ಹೆಚ್ಚು ಹಣ ನುಂಗುವುದು ಬ್ಯಾಟರಿಯೇ.

ಇಷ್ಟೆಲ್ಲ ಆದ ಮೇಲೆ ನಿಜವಾದ ತೊಡಕು ಎದುರಾಯಿತು. ಮೇಷ್ಟ್ರು ತಮ್ಮ ನಲವತ್ತು ವರ್ಷದ ಹಳೆಯ ಗಂಡಸರ ಸೈಕಲ್ಲನ್ನು ಹೊರಗೆ ತಂದು ಹತ್ತಿ ತೋರಿಸಿದರು. ಬಾರಿನ ಮೇಲಿಂದ ಕಾಲು ಎತ್ತಿ ಹಾಕುವಾಗ ಅವರ ಮುಖ ಕಿವುಚಿಕೊಂಡಿತು. ತುಳಿಯುವಾಗಿನ ನೋವಿಗಿಂತ ಹತ್ತಿ ಇಳಿಯುವಾಗಿನ ನೋವೇ ಹೆಚ್ಚಾಗಿತ್ತು! ಯಾವ ಮೋಟಾರೂ ಇದನ್ನು ಸರಿಪಡಿಸಲಾರದು. ಮನೆಯ ಹಿತ್ತಿಲಿನಲ್ಲಿ ಮದುವೆಯಾಗಿ ಹೋದ ಮಗಳ ಲೇಡೀಸ್ ಸೈಕಲ್ಲಿತ್ತು. ಬಾರಿಲ್ಲದ ಆ ಚೌಕಟ್ಟು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಉದ್ದ ಲಂಗ ತೊಟ್ಟ ಹೆಂಗಸರ ಅನುಕೂಲಕ್ಕಾಗಿ. ಅದೂ ಒಂದು ಅಗತ್ಯಕ್ಕೆ ಅಳೆದು ಮಾಡಿದ ಗಾಡಿಯೇ. ಅದನ್ನು ತೋರಿಸಿದಾಗ ಮೇಷ್ಟ್ರು ತುಸು ಹೊತ್ತು ಮಾತಾಡಲಿಲ್ಲ. ಹಳೆಯ ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. "ಪೇಟೆಯಲ್ಲಿ ಹುಡುಗರು ನಗುತ್ತಾರೆ" ಎಂದರು. ಅವರ ಪತ್ನಿ ಒಳಗಿನಿಂದಲೇ, "ಜಗಲಿ ಮೇಲೆ ಕೂತಿದ್ದನ್ನು ನೋಡಿ ಯಾರೂ ನಗಲಿಲ್ಲವಲ್ಲ, ಅದೇ ಚೆನ್ನಾಗಿತ್ತಾ?" ಎಂದರು. ಆ ಮಾತು ಕೆಲಸ ಮಾಡಿತು.

ಚೌಕಟ್ಟು ತೀರ್ಮಾನವಾದ ಮೇಲೆ ಉಳಿದವು ತಾವಾಗಿಯೇ ಸಾಲಿಗೆ ಬಂದವು. ಲಿಬ್ಬಿಯಂತೆ ಪೆಡಲಿನ ಬಳಿ ಮೋಟಾರಿಟ್ಟರೆ ಅದರ ಮುಖ್ಯ ಲಾಭ ಗೇರುಗಳಿರುವ ಸೈಕಲ್ಲಿಗೆ. ಈ ಸೈಕಲ್ಲಿಗೆ ಗೇರಿಲ್ಲ. ಶ್ನೆಫ್‌ನ ಉರುಳೆ ಮಲೆನಾಡಿನ ಮಳೆಯಲ್ಲಿ ಒದ್ದೆ ಟೈರಿನ ಮೇಲೆ ಜಾರುತ್ತದೆ. ಬೋಲ್ಟನ್ನನ ಹಬ್ಬೇ ಸರಿ. ಆದರೆ ಅವನದು ಹಲ್ಲುಚಕ್ರವಿಲ್ಲದ ಮೋಟಾರು, ನಿಧಾನವಾಗಿ ಏರು ಹತ್ತುವಾಗ ಅಂಥದರಲ್ಲಿ ವಿದ್ಯುತ್ತು ಶಾಖವಾಗಿ ಪೋಲಾಗುವುದು ಹೆಚ್ಚು. ಆದ್ದರಿಂದ ಒಳಗೆ ಹಲ್ಲುಚಕ್ರಗಳಿರುವ ಚಿಕ್ಕ ಹಬ್ ಮೋಟಾರನ್ನು ಆರಿಸಿದೆವು. ಫೋರ್ಕು ಉಕ್ಕಿನದಾದ್ದರಿಂದ ಮುಂದಿನ ಚಕ್ರಕ್ಕೇ ಹಾಕಿಸಿದೆವು. ಮೋಟಾರಿನ ಅಕ್ಷ ತಿರುಗಿ ಫೋರ್ಕಿನಿಂದ ಕಳಚದಂತೆ ಹಿಡಿದಿಡುವ ಉಕ್ಕಿನ ಪಟ್ಟಿಯನ್ನು ಮರೆಯದೆ ಹಾಕಿಸಬೇಕು. ಬಾರಿಲ್ಲದ ಚೌಕಟ್ಟಿನಲ್ಲಿ ಬ್ಯಾಟರಿಗೆ ತ್ರಿಕೋನದ ಜಾಗ ಸಿಗದು. ಕ್ಯಾರಿಯರಿಗೆ ಕಟ್ಟಿದೆವು. ಚಿಕ್ಕ ಬ್ಯಾಟರಿ ಆರಿಸಿದ್ದು ಇಲ್ಲಿಯೂ ಅನುಕೂಲವಾಯಿತು.

ಮೋಟಾರನ್ನು ಎಚ್ಚರಿಸುವ ಬಗೆಯಲ್ಲಿ ಮಾತ್ರ ಯಮಹಾ ಮಾರ್ಗವನ್ನು ಬಿಟ್ಟೆವು. ಒತ್ತಿದಷ್ಟು ಸಹಾಯ ಎಂಬುದು ಆರೋಗ್ಯವಂತರಿಗೆ ಬಹಳ ಹಿತ. ಆದರೆ ಒತ್ತಲಾರದ ಮಂಡಿಗೆ ಪೆಡಲು ಸುಮ್ಮನೆ ತಿರುಗಿದರೂ ಸಾಕು ಎನ್ನುವ ಸಂವೇದಕವೇ ಲೇಸು. ನಿಂತಲ್ಲಿಂದ ಹೊರಡುವ ಕ್ಷಣಕ್ಕಾಗಿ ಹೆಬ್ಬೆರಳಿನಿಂದ ಒತ್ತುವ ಚಿಕ್ಕ ಗುಂಡಿಯೂ ಇದೆ. ಬ್ರೇಕು ಹಿಡಿದೊಡನೆ ಮೋಟಾರಿಗೆ ವಿದ್ಯುತ್ತು ನಿಲ್ಲುವ ಹಿಡಿಗಳನ್ನು ಹಾಕಿಸಿದ್ದಾಯಿತು. ಬ್ರೇಕಿನ ರಬ್ಬರುಗಳೆಲ್ಲ ಹೊಸವು. ತಂತಿಗಳು ಪೆಟ್ಟಿಗೆಯನ್ನು ಸೇರುವ ಮೊದಲು ಕೆಳಕ್ಕೆ ಬಾಗಿ ಮೇಲೇರುವಂತೆ ಕಟ್ಟಿಸಿದೆವು. ಮಳೆಯ ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ಇಳಿಯುವುದಿಲ್ಲ.

ಬ್ಯಾಟರಿಯ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. 2022ರಲ್ಲಿ ನಮ್ಮ ದೇಶದಲ್ಲಿ ವಿದ್ಯುತ್ ದ್ವಿಚಕ್ರ ವಾಹನಗಳಿಗೆ ಬೆಂಕಿ ಹತ್ತಿದ ಘಟನೆಗಳು ವರದಿಯಾದ ಮೇಲೆ ಸರ್ಕಾರವು ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿಗೊಳಿಸಿತು. ಬಿಡಿ ಕೋಶಗಳನ್ನು ತಂದು ಮನೆಯಲ್ಲಿ ಬೆಸುಗೆ ಹಾಕುವ ಸಾಹಸ ಬೇಡ. ಪ್ರತಿ ಕೋಶದ ಮೇಲೂ ಕಣ್ಣಿಡುವ ರಕ್ಷಣಾ ಮಂಡಲವಿರುವ, ಪರೀಕ್ಷೆ ಮುಗಿಸಿದ ಬ್ಯಾಟರಿಯನ್ನೇ ಕೊಳ್ಳಿರಿ. ಅದರದೇ ಚಾರ್ಜರನ್ನು ಬಳಸಿರಿ. ಮಲಗಿದ ಮೇಲೆ ಚಾರ್ಜಿಗೆ ಬಿಡಬೇಡಿರಿ, ಮನೆಯಿಂದ ಹೊರಹೋಗುವ ಬಾಗಿಲ ಬಳಿ ಇಡಬೇಡಿರಿ.

ಮೇಷ್ಟ್ರು ಆ ಸೈಕಲ್ಲಿಗೆ ತಾವೇ ಕಡುಹಸಿರು ಬಣ್ಣ ಬಳಿದು, ಚೈನಿನ ಮುಚ್ಚಳದ ಮೇಲೆ ಸಂಪಿಗೆಯ ಎಲೆಯೊಂದನ್ನು ಬಿಡಿಸಿದ್ದಾರೆ. ಒಂದು ಮಳೆಗಾಲ ಕಳೆದಿದೆ. ಮಂಡಿನೋವು ಹೋಗಿಲ್ಲ. ಗ್ರಂಥಾಲಯದ ನೇಮ ಮರಳಿದೆ. ಚಿತ್ರ ಕಲಿಯುವ ಮಕ್ಕಳು ಈಗ ಏಳು ಮಂದಿ.

ಆದ್ದರಿಂದ, ಇಂಥ ಗಾಡಿಯೊಂದನ್ನು ಕಟ್ಟಿಕೊಳ್ಳಬೇಕೆನ್ನುವವರಿಗೆ ನನ್ನ ಸೂಚನೆ ಇಷ್ಟೇ. ಕ್ರಮವನ್ನು ಬದಲಿಸಬೇಡಿರಿ. ಮೊದಲು ಕುಳಿತುಕೊಳ್ಳುವವರ ದೇಹವನ್ನು ನೋಡಿರಿ: ಎತ್ತರ, ತೂಕ, ಎಲ್ಲಿ ನೋವು. ಎರಡನೆಯದಾಗಿ ದಾರಿಯನ್ನು ಅಳೆಯಿರಿ: ಎಷ್ಟು ದೂರ, ಎಷ್ಟು ಏರು, ಎಂಥ ಮಳೆ. ಮೂರನೆಯದಾಗಿ ಹೊರೆ: ಚೀಲವೋ, ಹಾಲಿನ ಕ್ಯಾನೋ, ಮೊಮ್ಮಗುವೋ. ನಾಲ್ಕನೆಯದಾಗಿ ಕಾನೂನು. ಇವು ನಾಲ್ಕೂ ಕಾಗದದ ಮೇಲೆ ಬಂದ ಮೇಲೆ ಚೌಕಟ್ಟು, ಬ್ರೇಕು, ಆಮೇಲೆ ಮೋಟಾರು, ಕೊನೆಯಲ್ಲಿ ಬ್ಯಾಟರಿ. ಅಂಗಡಿಯವರು ಮಾತು ಆರಂಭಿಸುವುದು ಸಾಮಾನ್ಯವಾಗಿ ಇದರ ಬಾಲದಿಂದ. ನೀವು ತಲೆಯಿಂದ ಆರಂಭಿಸಿರಿ. ನಿಮ್ಮ ಊರಿನ ದಾರಿಯ ಅಳತೆ, ಏರಿನ ಲೆಕ್ಕ ಇವುಗಳೊಡನೆ ಯಾರಾದರೂ ಬರೆದು ಕೇಳಿದರೆ, ನನಗೆ ತಿಳಿದಷ್ಟು ಲೆಕ್ಕ ಹಾಕಿ ಹೇಳಲು ನಾನು ಸಿದ್ಧನಿದ್ದೇನೆ. ನಿವೃತ್ತ ಮೇಷ್ಟ್ರಿಗೆ ಸಮಯಕ್ಕೇನು ಕೊರತೆ!